ತಾತನ ಆಟದ ಪುಸ್ತಕ ಯಾವ ರ‍್ಯಾಕಿಗೆ?

ಅಪ್ಪನ ವರ್ಷದ ಕಾರ್ಯ ಮುಗಿದ ಮೇಲೆ ಅವರ ಟ್ರಂಕುಗಳ ಬೀಗ ತೆಗೆದೆವು. ಎರಡು ತಗಡಿನ ಟ್ರಂಕು, ಒಂದು ಗೋಣಿಚೀಲ. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಬೀಡಿ, ಎಲೆಅಡಿಕೆ, ಇಸ್ಪೀಟು ಯಾವ ಚಟವೂ ಇರಲಿಲ್ಲ. ಸಂಬಳವಾದ ದಿನ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಒಂದು ಪುಸ್ತಕ ತರುತ್ತಿದ್ದರು. ತಂದ ರಾತ್ರಿಯೇ ಅದಕ್ಕೆ ಸಿಮೆಂಟ್ ಚೀಲದ ಕಂದು ಕಾಗದದ ಹೊದಿಕೆ ಹಾಕಿ, ಬೆನ್ನ ಮೇಲೆ ನೀಲಿ ಇಂಕಿನಲ್ಲಿ ಹೆಸರು ಬರೆದು, ಆಮೇಲೇ ಓದಲು ಕೂರುವುದು.

ಅವರಿಗೆ ಅವರದೇ ಒಂದು ವಿಂಗಡಣೆ ಇತ್ತು. ಮೊದಲನೇ ಟ್ರಂಕಿನಲ್ಲಿ ಕೊಟ್ಟರೆ ವಾಪಸ್ ಬರುವ ಪುಸ್ತಕಗಳು. ಎರಡನೇ ಟ್ರಂಕಿನಲ್ಲಿ ಕೊಟ್ಟರೆ ವಾಪಸ್ ಬಾರದವು. ಬೀಚಿ, ತೇಜಸ್ವಿ, ಯಂಡಮೂರಿ ಎಲ್ಲ ಎರಡನೇ ಟ್ರಂಕು. ಅದರ ಬೀಗದ ಕೈ ಅಪ್ಪನ ಉಡದಾರದಲ್ಲಿರುತ್ತಿತ್ತು.

ನಮ್ಮೂರ ಪಂಚಾಯಿತಿ ಗ್ರಂಥಾಲಯಕ್ಕೆ ಕೊಟ್ಟುಬಿಡೋಣ ಎಂದು ನಾನೇ ಹೇಳಿದೆ. ಅವ್ವ ಬೇಡ ಅನ್ನಲಿಲ್ಲ. ಒಂದು ಭಾನುವಾರ ಪಡಸಾಲೆಯಲ್ಲಿ ಎಲ್ಲವನ್ನೂ ಹರವಿಕೊಂಡು ಐದು ಗುಂಪು ಮಾಡಿದೆ. ಕತೆ-ಕಾದಂಬರಿ, ದೇವರು, ನಾಟಕ, ತೆಲುಗು, ರದ್ದಿ. ಒಂದೊಂದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ನಾನು ಪತ್ರಿಕೋದ್ಯಮ ಡಿಪ್ಲೊಮಾ ಮಾಡಿದವನು, ದಿನಾ ಸುದ್ದಿ ವಿಂಗಡಿಸುವವನು, ಇದೇನು ದೊಡ್ಡ ಕೆಲಸ ಅಂದುಕೊಂಡಿದ್ದೆ. ತೆಲುಗಿನ ಗುಂಪು ಊರಲ್ಲಿ ಯಾರಿಗೂ ಬೇಕಾಗಲಿಲ್ಲ. ಮುಂದಿನ ವಾರ ಬಳ್ಳಾರಿಗೆ ಒಂದು ಪ್ರೆಸ್‌ಮೀಟಿಗೆ ಹೋಗುವಾಗ ಬೈಕಿನ ಹಿಂದೆ ಕಟ್ಟಿಕೊಂಡು ಹೋಗಿ, ಬೆಂಗಳೂರು ರಸ್ತೆಯ ಪಕ್ಕದ ಸಂದಿಯಲ್ಲಿ ಹಳೇ ಪುಸ್ತಕ ಮಾರುವವರಿಗೆ ಕೊಟ್ಟೆ. ತಕ್ಕಡಿಗೆ ಹಾಕಿದರು. ನೂರಾ ಎಂಬತ್ತು ರೂಪಾಯಿ ಬಂತು. ಪೆಟ್ರೋಲಿಗಾಯಿತು.

ಉಳಿದ ಇನ್ನೂರಕ್ಕೂ ಹೆಚ್ಚು ಪುಸ್ತಕ ಗ್ರಂಥಾಲಯಕ್ಕೆ ಹೋದವು. ಹಳ್ಳಿಯ ಗ್ರಂಥಾಲಯ ಅಂದರೆ ನಿಮಗೆ ಗೊತ್ತಲ್ಲ, ಪಂಚಾಯಿತಿ ಕಟ್ಟಡದ ಪಕ್ಕದ ಕೋಣೆ, ನಾಲ್ಕು ಕಬ್ಬಿಣದ ರ‍್ಯಾಕು, ದಿನಪತ್ರಿಕೆಯ ಟೇಬಲ್ಲು. 2019ರಲ್ಲಿ ಈ ಗ್ರಂಥಾಲಯಗಳೆಲ್ಲ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ‘ಓದುವ ಬೆಳಕು’ ಎಂದು ಮಕ್ಕಳನ್ನು ಸದಸ್ಯರನ್ನಾಗಿ ಮಾಡಿಕೊಂಡರು. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂದೂ ಇದೆ. ನಮ್ಮ ಗ್ರಂಥಾಲಯದ ಮೇಲ್ವಿಚಾರಕಿ ನನಗಿಂತ ಏಳೆಂಟು ವರ್ಷ ಚಿಕ್ಕವಳು, ನಮ್ಮ ಓಣಿಗೆ ಸೊಸೆಯಾಗಿ ಬಂದವಳು. ನನ್ನನ್ನು ಅಣ್ಣಾ ಅನ್ನುತ್ತಾಳೆ.

ಇಬ್ಬರೂ ಸೇರಿ ಸಂಜೆ ಹೊತ್ತು ಜೋಡಿಸಿದೆವು. ನಾಲ್ಕು ದಿನದ ಮೇಲೆ ಮೇಷ್ಟರೊಬ್ಬರು ಬಂದು ನಕ್ಕರಂತೆ. ಅನಂತಮೂರ್ತಿಯವರ ‘ಸಂಸ್ಕಾರ’ ಪೂಜಾವಿಧಿಯ ಪುಸ್ತಕಗಳ ನಡುವೆ ಕೂತಿತ್ತು. ಭೈರಪ್ಪನವರ ‘ಗೃಹಭಂಗ’ದ ಪಕ್ಕದಲ್ಲೇ ಮನೆಯ ವಾಸ್ತು ಪುಸ್ತಕ. ತೇಜಸ್ವಿಯವರ ‘ಚಿದಂಬರ ರಹಸ್ಯ’ ಕ್ಷೇತ್ರ ಮಹಾತ್ಮೆಗಳ ಜೊತೆ. ಬೆನ್ನ ಮೇಲಿನ ಹೆಸರು ಓದಿಯೇ ಹಂಚಿದ್ದೆವಲ್ಲ, ಅಪ್ಪನ ಕಂದು ಹೊದಿಕೆಯಿಂದಾಗಿ ಮುಖಪುಟ ಕಾಣುತ್ತಿರಲಿಲ್ಲ. ಸಮಜಾಯಿಷಿ ಹೇಳುತ್ತಿದ್ದೇನೆ, ಇರಲಿ. ಅದರಲ್ಲಿ ‘ಗೃಹಭಂಗ’ ಇಟ್ಟವನು ನಾನೇ.

ನಕ್ಕು ಮುಗಿಸಿದ್ದರೆ ಇದನ್ನು ಬರೆಯುವ ಕೆಲಸವಿರಲಿಲ್ಲ.

ಅಮಾವಾಸ್ಯೆ ಹಿಂದಿನ ದಿನ ಅವ್ವ ದೇವರ ಜಗುಲಿ ಒರೆಸುತ್ತಾ ಕೇಳಿದಳು. “ಏನೋ, ತಾತಂದು ಆಟದ ಪುಸ್ತಕ ಎಲ್ಲಿಟ್ಟೀಯೋ?”

“ಯಾವ ಆಟದ ಪುಸ್ತಕ?”

“ಗಿರಿಜಾ ಕಲ್ಯಾಣದ್ದು. ಉದ್ದಕಿತ್ತಲ್ಲ, ಕೆಂಪು ಬಟ್ಟೆ ರಟ್ಟು. ನಿಮ್ಮಪ್ಪ ವರ್ಷಕ್ಕೊಮ್ಮೆ ಹೊರಗ ತಗದು ಕುಂಕುಮ ಹಚ್ಚಿ ಇಡ್ತಿದ್ರು.”

ಉದ್ದಕ್ಕಿದ್ದ, ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕದಂಥದ್ದು ನೆನಪಿತ್ತು. ತೆರೆದು ನೋಡಿದ್ದೆ. ಅಕ್ಷರಗಳ ತಲೆಯ ಮೇಲೆ ತೆಲುಗಿನ ಕೊಂಕು. ಎರಡು ಸಾಲಿನಲ್ಲಿ ಶಿವ, ಪಾರ್ವತಿ, ನಾರದ ಎಂಬ ಹೆಸರು ಕಂಡಿದ್ದವು. ಆ ಹೆಸರುಗಳು ಎರಡೂ ಭಾಷೆಗೆ ಒಂದೇ. ತೆಲುಗು ಭಕ್ತಿ ಪುಸ್ತಕ ಅಂದುಕೊಂಡು ಆ ಗುಂಪಿಗೆ ಎಸೆದಿದ್ದೆ.

“ಅದು ತೆಲುಗಲ್ಲವೇನವ್ವ?”

“ಅಕ್ಷರ ತೆಲುಗು. ಮಾತು ನಮ್ದೇ.”

ತಾತ ಓದಿದ್ದು ಆದೋನಿ ಕಡೆ, ಸೋದರಮಾವನ ಊರಲ್ಲಿ, ತೆಲುಗು ಸಾಲೆಯಲ್ಲಿ, ನಾಲ್ಕನೇ ಕ್ಲಾಸಿನವರೆಗೆ. ಆಗ ಆದೋನಿಯೂ ನಮ್ಮ ಬಳ್ಳಾರಿ ಜಿಲ್ಲೆಯದೇ, ಬಳ್ಳಾರಿ ಮದ್ರಾಸಿನದು. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿದ ದಿನವೇ ಜಿಲ್ಲೆಯನ್ನು ಮಾತಿನ ಲೆಕ್ಕದಲ್ಲಿ ಹಂಚಿದರು. ಆದೋನಿ, ಆಲೂರು, ರಾಯದುರ್ಗ ಆ ಕಡೆಗೆ. ಬಳ್ಳಾರಿ, ಸಿರುಗುಪ್ಪ ಮೈಸೂರಿನ ಕಡೆಗೆ. ಊರುಗಳನ್ನು ಎರಡು ರ‍್ಯಾಕಿಗೆ ಇಟ್ಟರು, ತಾತನಂಥವರ ಕೈಬರಹ ಮಾತ್ರ ಹಾಗೇ ಉಳಿಯಿತು. ಕಲಿತ ಅಕ್ಷರ ತೆಲುಗು, ಹಾಡುವ ಪದ ಕನ್ನಡ. ನಮ್ಮ ಗಡಿ ಊರುಗಳಲ್ಲಿ ಇದು ವಿಚಿತ್ರವೇನಲ್ಲ. ಬಳ್ಳಾರಿ ರಾಘವ ಅವರು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಬಣ್ಣ ಹಚ್ಚಿದ ಊರಿದು. ಗೊತ್ತಿದ್ದೂ ನನಗೆ ಹೊಳೆಯಲಿಲ್ಲ.

ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ರಾತ್ರಿ ಉಣ್ಣದೆ ಮಲಗಿದಳು.

ಬೆಳಿಗ್ಗೆ ಏಳಕ್ಕೇ ಬಳ್ಳಾರಿಯಲ್ಲಿದ್ದೆ. ಹಳೇ ಪುಸ್ತಕದ ಅಂಗಡಿ ಹತ್ತೂವರೆಗೆ ತೆಗೆಯಿತು. ಆ ಯಜಮಾನರ ವಿಂಗಡಣೆ ನೋಡಿ. ಎದುರಿಗೆ ಪಿಯುಸಿ, ನೀಟ್, ಕೆಎಎಸ್. ಎಡಕ್ಕೆ ‘ದಪ್ಪ’, ಬಲಕ್ಕೆ ‘ತೆಳು’. ದಪ್ಪದಲ್ಲಿ ರಟ್ಟು ಕಟ್ಟಿದ್ದು ಬೇರೆ, ಕಟ್ಟದ್ದು ಬೇರೆ. ಒಳಗೆ ಏನಿದೆ ಎಂಬುದು ಅವರಿಗೆ ಬೇಕಿಲ್ಲ, ಬೇಕಾದದ್ದು ಅಳತೆ ಮತ್ತು ತೂಕ. ಅದನ್ನು ತಪ್ಪು ಅನ್ನಲಾರೆ. ಅವರ ಹಲಗೆ ಅಷ್ಟಗಲ, ಅದರಲ್ಲಿ ಒಂದೇ ಅಳತೆಯ ಪುಸ್ತಕ ಸಾಲಾಗಿ ನಿಂತರೆ ಜಾಗ ಉಳಿಯುತ್ತದೆ.

ಅಳತೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಯಾವುದಾದರೂ ಕನ್ನಡ ಪುಸ್ತಕ ತೆಗೆದು ಮೊದಲ ಹಾಳೆಯ ಹಿಂಬದಿ ನೋಡಿ. ‘ಡೆಮಿ 1/8’ ಅಥವಾ ‘ಕ್ರೌನ್ 1/8’ ಎಂದು ಸಣ್ಣಕ್ಷರದಲ್ಲಿರುತ್ತದೆ. ಡೆಮಿ, ಕ್ರೌನ್ ಎಂಬುವು ಮುದ್ರಣದ ದೊಡ್ಡ ಹಾಳೆಯ ಅಳತೆಗಳು. ಆ ಹಾಳೆಯನ್ನು ಮಡಚಿ ಎಂಟು ಎಲೆ ಮಾಡಿದರೆ 1/8. ಎಂಟು ಎಲೆ ಎಂದರೆ ಹದಿನಾರು ಪುಟ. ಅದಕ್ಕೇ ಪುಸ್ತಕದ ಪುಟಗಳು ಹೆಚ್ಚಾಗಿ 96, 112, 128, 160 ಹೀಗೆ ಇರುತ್ತವೆ. ಡೆಮಿ 1/8 ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಕ್ರೌನ್ ಅದಕ್ಕಿಂತ ಚಿಕ್ಕದು. ಇದು ಪುಸ್ತಕದ ಆಕಾರ. ತಾತನದು ಇದ್ಯಾವುದೂ ಅಲ್ಲ, ಅಂಗಡಿಯವರ ಉದ್ದನೆ ಖಾತೆ ಪುಸ್ತಕ. ಅದಕ್ಕೇ ಅದು ಈ ಯಜಮಾನರ ದಪ್ಪಕ್ಕೂ ಸೇರದೆ ತೆಳುವಿಗೂ ಸೇರದೆ ಹಲಗೆಯ ಮೇಲೆ ಅಡ್ಡ ಬಿದ್ದಿತ್ತಂತೆ. ಅಡ್ಡ ಬಿದ್ದದ್ದರಿಂದಲೇ ಕಣ್ಣಿಗೆ ಬಿತ್ತು.

“ಅದಾ? ಕುರುಗೋಡು ಕಡೆ ಬಯಲಾಟದ ಮಾಸ್ತರು ಒಬ್ರು ತಗಂಡೋದ್ರು. ಎರಡು ಪುಟ ಓದಿ ಅಲ್ಲೇ ಪದ ಶುರು ಮಾಡಿದ್ರು ನೋಡ್ರಿ, ಇಲ್ಲೇ, ರೋಡಿನಾಗ. ಇನ್ನೂರು ರೂಪಾಯಿ ಕೊಟ್ರು.”

ನಾನು ಒಂದಿಡೀ ಗಂಟು ಕೊಟ್ಟು ನೂರಾ ಎಂಬತ್ತು ತಗೊಂಡಿದ್ದೆ. ಅವರು ಅದೊಂದಕ್ಕೇ ಇನ್ನೂರು ತಗೊಂಡಿದ್ದರು. ಹೊಟ್ಟೆ ಉರಿಯಲಿಲ್ಲ, ಪುಸ್ತಕ ಇದೆಯಲ್ಲ ಎಂದು ಜೀವ ಬಂತು.

ಕುರುಗೋಡು ಅಂದರೆ ಹೊರಗಿನವರಿಗೆ ದೊಡ್ಡಬಸವೇಶ್ವರ, ಅಷ್ಟೆತ್ತರದ ಬಸವಣ್ಣ. ನಮಗೆ ಮೆಣಸಿನಕಾಯಿ, ಭತ್ತ, ಜಾತ್ರೆ. ಆ ಜಾತ್ರೆಯಲ್ಲಿ ತಾಡಪತ್ರಿ ಹಾಸಿ ಪುಸ್ತಕ ಮಾರುವವರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಪಂಚಾಂಗ, ಭಜನೆ ಪದ, ತತ್ವಪದ, ಬಯಲಾಟದ ತೆಳು ಪುಸ್ತಕ, ಸೋಬಾನೆ ಪದ, ಶನಿಮಹಾತ್ಮೆ ಒಂದೇ ರಾಶಿಯಲ್ಲಿ. ಸಾಹಿತ್ಯ ಚರಿತ್ರೆಯವರ ಪುಸ್ತಕದಲ್ಲಿ ಇವಕ್ಕೆ ಅಧ್ಯಾಯ ಸಿಗುವುದು ಕಷ್ಟ, ನಮ್ಮ ಕಡೆ ಮನೆಗಳಲ್ಲಿ ಸಿಗುವ ಪುಸ್ತಕ ಮಾತ್ರ ಇವೇ.

ಮಾಸ್ತರ ಮನೆ ಹುಡುಕಲು ಕಷ್ಟವಾಗಲಿಲ್ಲ. ಎಪ್ಪತ್ತು ದಾಟಿದ ಹಿರಿಯರು, ಕಣಕ್ಕೆ ಹೊರಟಿದ್ದರು. ಇಂಥವರ ಮೊಮ್ಮಗ ಎಂದೆ. ತಾತನ ಹೆಸರು ಅವರಿಗೆ ಗೊತ್ತಿತ್ತು.

“ನಿಮ್ಮ ತಾತನ ಪ್ರತಿನಾ ಇದು? ನಾನು ಹುಡುಗಿದ್ದಾಗ ಅವರ ಆಟ ನೋಡೀನಪ್ಪ. ಕೂತ್ಕ.”

ಒಳಗಿಂದ ತಗಡಿನ ಪೆಟ್ಟಿಗೆ ತಂದರು. ಹತ್ತು ಹನ್ನೆರಡು ಕೈಬರಹದ ಪುಸ್ತಕ, ಮೇಲ್ಗಡೆ ತಾತನದು. ಒಂದೊಂದರ ಮೇಲೂ ಸೀಸದಕಡ್ಡಿಯಲ್ಲಿ ಗುರುತು. ಕತೆ ರಾಮಾಯಣದ್ದೋ ಭಾರತದ್ದೋ ಎಂದು ಬರೆದಿರಲಿಲ್ಲ. ಎಷ್ಟು ವೇಷ, ಅದರಲ್ಲಿ ಹೆಣ್ಣುವೇಷ ಎಷ್ಟು, ಕಿರೀಟ-ಭುಜಕೀರ್ತಿ ಎಷ್ಟು ಜೊತೆ ಬೇಕು, ಬೆಳಗಿನ ಎಷ್ಟು ಹೊತ್ತಿಗೆ ಮಂಗಳ ಎಂದು ಬರೆದಿತ್ತು. ಯಾಕೆ ಎಂದು ಕೇಳಿದೆ.

“ಊರವರು ಬಂದು ಆಟ ಕಲಿಸ್ರಿ ಅಂತಾರ. ನಾನು ಮೊದ್ಲು ಕೇಳೋದು, ಎಷ್ಟು ಮಂದಿ ಹುಡುಗ್ರು ಅದೀರಿ, ರೊಕ್ಕ ಎಷ್ಟು ಕೂಡ್ಸೀರಿ. ಎಂಟು ಮಂದಿ ಇದ್ರೆ ಎಂಟು ವೇಷದ ಆಟ. ಮಳೆ ಹೋಗಿತ್ತಂದ್ರೆ ವಿರಾಟಪರ್ವ. ಊರಾಗ ಮದುವೆಗಳು ಕೂಡಿಬರವಲ್ಲವು ಅಂದ್ರೆ ಗಿರಿಜಾ ಕಲ್ಯಾಣ.”

ನನ್ನದು ಲಿಪಿ ನೋಡಿ ಮಾಡಿದ ವಿಂಗಡಣೆ, ಬಳ್ಳಾರಿಯವರದು ತಕ್ಕಡಿಯ ವಿಂಗಡಣೆ. ಇವರದು ಆಡುವವರ ವಿಂಗಡಣೆ. ಈ ಪೆಟ್ಟಿಗೆಯಿಂದ ಬೇಕಾದದ್ದನ್ನು ತೆಗೆಯಲು ಅವರಿಗೆ ಒಂದು ನಿಮಿಷ ಸಾಕು.

ಇನ್ನೂರು ರೂಪಾಯಿ ತೆಗೆದು ಮುಂದಿಟ್ಟೆ. ಅವರು ಮುಟ್ಟಲಿಲ್ಲ. “ಹುಡುಗ್ರಿಗೆ ಕಲ್ಸಾಕ ಹತ್ತೀನಿ. ಅರ್ಧ ಆಟ ಬಾಯಿಗೆ ಬಂದೈತಿ. ಈಗ ಕೇಳಬ್ಯಾಡ ತಮ್ಮ. ಬೇಕಂದ್ರೆ ಫೋಟೊ ಹೊಡ್ಕಂಡೋಗು.”

ಅಂಗಳದಲ್ಲಿ ಚಾಪೆ ಹಾಸಿ, ನೂರಾ ಹದಿನಾಲ್ಕು ಪುಟ ಫೋನಿನಲ್ಲಿ ಹೊಡೆದುಕೊಂಡೆ. ಪುಟ ತಿರುವುವಾಗ ಮಾಸ್ತರು ಅಲ್ಲಲ್ಲಿ ನಿಲ್ಲಿಸಿ ಹಾಡಿ ತೋರಿಸಿದರು. ಕಿವಿಗೆ ಬಿದ್ದದ್ದು ಅಪ್ಪಟ ನಮ್ಮೂರ ಕನ್ನಡ. ಕಣ್ಣಿಗೆ ತೆಲುಗು, ಕಿವಿಗೆ ಕನ್ನಡ. ಕೊನೆಯ ಪುಟದಲ್ಲಿ ತಾತ ತನ್ನ ಹೆಸರು, ಊರು ಬರೆದು, ತಪ್ಪಿದ್ದರೆ ತಿದ್ದಿಕೊಂಡು ಓದಿ ಎಂದು ಬರೆದಿದ್ದರು. ಮಾಸ್ತರು ಓದಿ ಹೇಳಿದರು. ನನಗೆ ಓದಲು ಬರಲಿಲ್ಲವಲ್ಲ ಎಂದು ಅಲ್ಲಿ ನಾಚಿಕೆಯಾಯಿತು. ಕನ್ನಡ ಬಲ್ಲವನು ಒಂದು ವಾರ ಕೂತರೆ ಬರುವ ಲಿಪಿ ಅದು, ಅರ್ಧಕ್ಕರ್ಧ ಅಕ್ಷರ ಒಂದೇ ಥರ.

ಫೋಟೊಗಳನ್ನು ಸಿರುಗುಪ್ಪದಲ್ಲಿ ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡ್ ಮಾಡಿಸಿದೆ. ಒಂದು ಅವ್ವನಿಗೆ, ಒಂದು ಗ್ರಂಥಾಲಯಕ್ಕೆ. ಅವ್ವ ಸ್ಪೈರಲ್ಲಿನ ಮೇಲೇ ಕುಂಕುಮ ಹಚ್ಚಿದಳು. ಗ್ರಂಥಾಲಯದ ಪ್ರತಿ ಒಂದು ವಾರ ಮೇಜಿನ ಮೇಲೇ ಇತ್ತು. ಆಮೇಲೆ ಫೋನ್ ಬಂತು.

“ಅಣ್ಣಾ, ನಿಮ್ಮ ತಾತಂದು ರಿಜಿಸ್ಟರಿನಾಗ ಹೆಂಗ್ ಬರೀಲಿ? ಲೇಖಕರು, ಪ್ರಕಾಶಕರು, ವರ್ಷ, ಬೆಲೆ ಅಂತ ಕಾಲಂ ಅದಾವೆ. ಇದಕ್ಕ ಯಾವುದೂ ಇಲ್ಲ. ಭಾಷೆ ಏನಂತ ಹಾಕಲಿ? ರ‍್ಯಾಕು ಯಾವುದು?”

ಬರೆಯದಿದ್ದರೆ ಏನಾಗುತ್ತೆ ಎಂದೆ. ರಿಜಿಸ್ಟರಿಗೆ ಏರದ ಪುಸ್ತಕ ಇಲ್ಲಿ ಇದ್ದರೂ ಇಲ್ಲದ ಲೆಕ್ಕವೇ ಅಣ್ಣಾ, ನಾಳೆ ನಾನು ಬಿಟ್ಟು ಬೇರೆಯವರು ಬಂದರೆ ರದ್ದಿಗೆ ಹಾಕ್ತಾರೆ ಎಂದಳು. ರದ್ದಿ ಎಂಬ ಮಾತು ನನಗೆ ನೇರ ತಗುಲಿತು.

ಬಳ್ಳಾರಿಯ ಗ್ರಂಥಾಲಯವೊಂದರಲ್ಲಿ ಜೀವಮಾನ ಕಳೆದು ನಿವೃತ್ತರಾದ ಹಿರಿಯರೊಬ್ಬರು ನನಗೆ ಪರಿಚಯ. ಪ್ರಿಂಟ್ ಹಿಡಿದು ಅವರ ಮನೆಗೆ ಹೋದೆ. ‘ಸಂಸ್ಕಾರ’, ‘ಗೃಹಭಂಗ’ದ ಕತೆಯನ್ನೂ ಹೇಳಿದೆ. ಅವರು ನಗಲಿಲ್ಲ. ಹಾಳೆಯ ಮೇಲೆ ಒಂದು ಸಂಖ್ಯೆ ಬರೆದರು. 894.8143.

ಅಮೆರಿಕದ ಮೆಲ್ವಿಲ್ ಡ್ಯೂಯಿ ಎಂಬಾತ 1876ರಲ್ಲಿ ಮಾಡಿದ ಪದ್ಧತಿ ಇದು. ಜಗತ್ತಿನ ಎಲ್ಲ ವಿಷಯವನ್ನೂ ಹತ್ತು ಭಾಗ ಮಾಡಿದ. 200 ಎಂದರೆ ಧರ್ಮ, 500 ವಿಜ್ಞಾನ, 630 ಬೇಸಾಯ, 641.5 ಅಡುಗೆ. ಇಲ್ಲೆಲ್ಲ ಪುಸ್ತಕ ಯಾವುದರ ಬಗ್ಗೆ ಎಂದು ಕೇಳಬೇಕು. 800ಕ್ಕೆ, ಅಂದರೆ ಸಾಹಿತ್ಯಕ್ಕೆ ಬಂದ ಕೂಡಲೇ ಪ್ರಶ್ನೆ ಬದಲಾಗುತ್ತದೆ. ಯಾವುದರ ಬಗ್ಗೆ ಎಂದು ಕೇಳುವುದಿಲ್ಲ. ಮೊದಲು ಯಾವ ಭಾಷೆ, ಆಮೇಲೆ ಯಾವ ರೂಪ. 894.814 ಎಂದರೆ ಕನ್ನಡ. ಅದರ ಮುಂದೆ 1 ಬಂದರೆ ಕಾವ್ಯ, 2 ನಾಟಕ, 3 ಕತೆ-ಕಾದಂಬರಿ, 4 ಪ್ರಬಂಧ. ಹಾಗಾಗಿ ಹೆಣದ ಸಂಸ್ಕಾರದ ಸುತ್ತ ಹೆಣೆದ ಕಾದಂಬರಿಯೂ, ಒಡೆದ ಮನೆಯ ಕಾದಂಬರಿಯೂ, ಕೆಸರೂರಿನ ಏಲಕ್ಕಿಯ ಕಾದಂಬರಿಯೂ ಒಂದೇ ರ‍್ಯಾಕು, 894.8143. ನಾವು ‘ಯಾವುದರ ಬಗ್ಗೆ’ ಎಂದು ಕೇಳಿ ಕೆಟ್ಟಿದ್ದೆವು.

ಇನ್ನೊಂದು ತಮಾಷೆಯನ್ನೂ ಹೇಳಿದರು. ಡ್ಯೂಯಿಯ 894ರಲ್ಲಿ ಕನ್ನಡದ ಅಕ್ಕಪಕ್ಕ ತಮಿಳು, ತೆಲುಗು ಮಾತ್ರವಲ್ಲ, ಟರ್ಕಿ, ಹಂಗೇರಿ, ಫಿನ್‌ಲ್ಯಾಂಡಿನ ಸಾಹಿತ್ಯವೂ ಇದೆ. ಎಲ್ಲೂ ಹೊಂದದವರನ್ನೆಲ್ಲ ಒಂದು ಖಾನೆಗೆ ತುಂಬಿದ ಹಾಗೆ. ನಾನು ಪಡಸಾಲೆಯಲ್ಲಿ ಮಾಡಿದ್ದೂ ಅದನ್ನೇ ಅಲ್ಲವೇ ಅನ್ನಿಸಿ ಸ್ವಲ್ಪ ಸಮಾಧಾನವಾಯಿತು.

ತಾತನ ಪ್ರಿಂಟು ಮುಂದಿಟ್ಟೆ. ಕನ್ನಡಕ ಏರಿಸಿ ಓದಿದರು, ಅವರಿಗೆ ಎರಡೂ ಲಿಪಿ ಸಲೀಸು.

“ಭಾಷೆ ಕನ್ನಡ. ರೂಪ ಆಟ. 894.8142. ಇದರಲ್ಲಿ ಅನುಮಾನ ಏನು?”

“ಲಿಪಿ ತೆಲುಗಲ್ವ ಸರ್?”

“ಲಿಪಿ ಅಂಗಿ ಇದ್ದಂಗೆ ಕಣಪ್ಪ. ಯಾವ ಅಂಗಿ ಹಾಕಿದ್ದಾನೆ ಅಂತ ನೋಡಿ ಜಾತಕ ಬರೀತೀಯಾ? ಕೈಬರಹ, ತೆಲುಗು ಲಿಪಿ, ಉದ್ದ ಖಾತೆ ಪುಸ್ತಕ, ಈಗ ನೀನು ತಂದಿರೋ ಪ್ರಿಂಟು, ಇವೆಲ್ಲ ಅದರ ಆಕಾರ. ಬಯಲಾಟ ಅನ್ನೋದು ಪ್ರಕಾರ. ಆಕಾರಕ್ಕೆ ಒಂದು ಕಾಲಂ, ಪ್ರಕಾರಕ್ಕೆ ಒಂದು ಕಾಲಂ. ಎರಡನ್ನೂ ಒಂದರಲ್ಲಿ ತುರುಕಿದರೆ ಹಿಂಗೇ ಆಗೋದು.”

ಇಷ್ಟು ಸರಳ ಮಾತಿಗೆ ನಾನು ಸಿರುಗುಪ್ಪದಿಂದ ಬಳ್ಳಾರಿ, ಅಲ್ಲಿಂದ ಕುರುಗೋಡು ಸುತ್ತಬೇಕಾಯಿತು. ಫೋನಿನಲ್ಲಿ ಓದಿದರೂ, ಕಾಗದದಲ್ಲಿ ಓದಿದರೂ, ಯಾರಾದರೂ ಓದಿದ್ದನ್ನು ಇಯರ್‌ಫೋನಿನಲ್ಲಿ ಕೇಳಿದರೂ, ಬೆರಳಿನಿಂದ ಬ್ರೈಲ್ ಮುಟ್ಟಿ ಓದಿದರೂ ಕಾದಂಬರಿ ಕಾದಂಬರಿಯೇ. ಆದರೆ ಹುಡುಕುವವರಿಗೆ ಆಕಾರವೂ ಗೊತ್ತಾಗಬೇಕು. ಕಣ್ಣು ಕಾಣದವರಿಗೆ ಡೆಮಿ 1/8 ಕೊಟ್ಟು ಏನು ಮಾಡುವುದು?

ತಿರುಗಾ ಮುರುಗಾ ಕೇಳಿದೆ. ಅವ್ವನ ಮೆಚ್ಚಿನ ಯಂಡಮೂರಿಯ ‘ತುಳಸಿದಳ’ ಕನ್ನಡ ಅನುವಾದ ಇದೆಯಲ್ಲ, ಅದು ಎಲ್ಲಿ? ಡ್ಯೂಯಿಯ ಪ್ರಕಾರ ಅನುವಾದವೂ ಮೂಲ ಭಾಷೆಯ ಸಾಹಿತ್ಯದ ಸಂಖ್ಯೆಗೇ ಹೋಗುತ್ತದಂತೆ, ಅಂದರೆ ತೆಲುಗು, 894.827. ನೋಡಿ ಹೇಗಿದೆ. ನಾನು ತೆಲುಗು ಎಂದು ಎಸೆದದ್ದು ಕನ್ನಡ. ಕನ್ನಡ ಎಂದು ಇಟ್ಟುಕೊಂಡದ್ದು ತೆಲುಗು.

ಕನ್ನಡದವರಿಗೂ ಈ ತಲೆನೋವು ಹೊಸದಲ್ಲ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ದಲ್ಲೇ ಚತ್ತಾಣ, ಬೆದಂಡೆ ಎಂದು ಕಾವ್ಯದ ಬಗೆಗಳ ಹೆಸರಿವೆ. ಆಮೇಲೆ ಗದ್ಯ-ಪದ್ಯ ಬೆರೆತರೆ ಚಂಪೂ, ಆರು ಸಾಲಿನ ಪದ್ಯದಲ್ಲಿ ನಡೆದರೆ ಷಟ್ಪದಿ, ರಗಳೆ, ಸಾಂಗತ್ಯ. ನಮ್ಮ ಹಿಂದಿನವರು ಕಾವ್ಯವನ್ನು ಗುರುತಿಸುತ್ತಿದ್ದದ್ದು ಅದರ ನಡಿಗೆಯಿಂದ. ಹಂಪಿಯ ಹರಿಹರನೂ ‘ಗಿರಿಜಾಕಲ್ಯಾಣ’ ಬರೆದಿದ್ದಾನೆ, ಅದು ಚಂಪೂ. ತಾತನದೂ ಗಿರಿಜಾ ಕಲ್ಯಾಣ, ಅದು ಬಯಲಾಟ. ಹೆಸರು ಒಂದೇ, ಕತೆ ಒಂದೇ. ಒಂದನ್ನು ಕೂತು ಓದಬೇಕು, ಇನ್ನೊಂದನ್ನು ರಾತ್ರಿಯಿಡೀ ಕುಣಿಯಬೇಕು.

ವಚನದ ಮಾತು ಎತ್ತಿದರೆ ಇವತ್ತಿಗೂ ಜಗಳ. ಗದ್ಯ ಅನ್ನುವವರಿದ್ದಾರೆ, ಪದ್ಯ ಅನ್ನುವವರಿದ್ದಾರೆ, ಅದು ಧರ್ಮದ ರ‍್ಯಾಕಿಗೇ ಸಲ್ಲಬೇಕು ಅನ್ನುವವರೂ ಇದ್ದಾರೆ. ನಮ್ಮ ಹುಡುಗಿ ಸರ್ಕಾರದ ಹದಿನೈದು ಸಂಪುಟ ವಚನಗಳಿಗೆ ಬೇರೆಯೇ ಹಲಗೆ ಕೊಟ್ಟು ಆ ಜಗಳದಿಂದ ತಪ್ಪಿಸಿಕೊಂಡಿದ್ದಾಳೆ. ಬೀಚಿಯವರದು ಇನ್ನೊಂದು ಪೇಚು. ಹರಪನಹಳ್ಳಿಯಲ್ಲಿ ಹುಟ್ಟಿದ ನಮ್ಮವರೇ. ತಮ್ಮ ಆತ್ಮಕತೆಗೆ ‘ಭಯಾಗ್ರಫಿ’ ಎಂದು ಹೆಸರಿಟ್ಟರು. ಆತ್ಮಕತೆಗೆ ಸೇರಿಸೋಣವೋ ಹಾಸ್ಯಕ್ಕೋ? ಎಲ್ಲಿಟ್ಟರೂ ಅವರು ನಗುತ್ತಾರೆ.

ನಿವೃತ್ತರಿಗೆ ಡ್ಯೂಯಿಗಿಂತ ಎಸ್.ಆರ್. ರಂಗನಾಥನ್ ಮೇಲೆ ಭಕ್ತಿ ಜಾಸ್ತಿ. 1892ರಲ್ಲಿ ತಮಿಳುನಾಡಿನ ಶಿಯಾಳಿಯಲ್ಲಿ ಹುಟ್ಟಿದ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಲಂಡನ್ನಿನ ಅಂಗಡಿಯಲ್ಲಿ ಮೆಕ್ಯಾನೊ ಎಂಬ ಮಕ್ಕಳ ಆಟಿಕೆ ನೋಡಿದಾಗ ಅವರಿಗೆ ದಾರಿ ಹೊಳೆಯಿತಂತೆ. ಅದೇ ಪಟ್ಟಿ, ಅದೇ ನಟ್ಟು-ಬೋಲ್ಟು, ಜೋಡಿಸಿದ ಹಾಗೆ ಬೇರೆ ಬೇರೆ ಗೊಂಬೆ. ಪುಸ್ತಕಕ್ಕೂ ಮೊದಲೇ ಮಾಡಿಟ್ಟ ಒಂದೇ ಡಬ್ಬಿ ಯಾಕೆ? ಭಾಷೆ ಒಂದು ತುಂಡು, ರೂಪ ಒಂದು ತುಂಡು, ಕರ್ತೃ ಒಂದು ತುಂಡು, ಕೃತಿ ಒಂದು ತುಂಡು, ಜೋಡಿಸುತ್ತಾ ಹೋಗುವುದು. 1933ರಲ್ಲಿ ಬಂದ ಅವರ ಕೋಲನ್ ವರ್ಗೀಕರಣ ನಿಂತಿರುವುದು ಈ ಲೆಕ್ಕದ ಮೇಲೆ. ಅದರ ಸಾಹಿತ್ಯದ ರೂಪಗಳ ಪಟ್ಟಿಯಲ್ಲಿ ಕಾವ್ಯ, ನಾಟಕ, ಕಾದಂಬರಿಗಳ ಜೊತೆ ಚಂಪೂವಿಗೂ ಒಂದು ಜಾಗವಿದೆ. ಡ್ಯೂಯಿಗೆ ಗೊತ್ತಿರದ ರೂಪ, ನಮ್ಮ ಕಡೆಯವರಿಗೆ ಗೊತ್ತಿತ್ತು. ಕೊನೆಗಾಲದಲ್ಲಿ ರಂಗನಾಥನ್ ಬೆಂಗಳೂರಿನಲ್ಲಿದ್ದರು, 1972ರಲ್ಲಿ ಅಲ್ಲೇ ತೀರಿಕೊಂಡರು. 1948ರ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹಿಂದೆಯೂ ಅವರೇ ಇದ್ದದ್ದು. ಆಗ ನಾವೂ ಮದ್ರಾಸಿನವರೇ, ತಾತ ಆಗ ಆಟ ಕಲಿಸುತ್ತಿದ್ದ ವಯಸ್ಸು.

ಇದನ್ನೆಲ್ಲ ಸೇರಿಸಿ ಪತ್ರಿಕೆಗೆ ಒಂದು ವಿಶೇಷ ವರದಿ ಮಾಡಿದೆ. ಡೆಸ್ಕಿನಿಂದ ಫೋನ್ ಬಂತು. “ಇದು ಯಾವ ಪೇಜಿಗೆ ಹಾಕೋದು? ಜಿಲ್ಲಾ ಸುದ್ದಿ ಅಲ್ಲ, ಕೃಷಿ ಅಲ್ಲ, ಸಂಸ್ಕೃತಿಗೆ ಕಾರ್ಯಕ್ರಮ ಇಲ್ಲ.” ಬರಲಿಲ್ಲ. ಬರದ ವರದಿಗೆ ದುಡ್ಡಿಲ್ಲ ಎಂದು ಸ್ಟ್ರಿಂಗರ್ ಆದವರಿಗೆಲ್ಲ ಗೊತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಊರಿಗೆ ಬಂದು ಆ ಹುಡುಗಿಗೆ ಎಲ್ಲ ಹೇಳಿದೆ. ಸಂಖ್ಯೆಗಳನ್ನು ಬರೆದುಕೊಂಡಳು, ಆದರೆ ಪೂರ್ತಿ ಒಪ್ಪಲಿಲ್ಲ. “ನಮ್ಮೂರ ಹೆಣ್ಮಕ್ಳು ತುಳಸಿದಳ ಕೇಳಾಕ ಬಂದ್ರೆ ಕನ್ನಡ ಕಾದಂಬರಿ ರ‍್ಯಾಕಿನಾಗೇ ನೋಡ್ತಾರಣ್ಣ. ಅದನ್ನ ತೆಲುಗಿನಾಗ ಇಟ್ರೆ ಯಾರಿಗೆ ಸಿಗ್ತದ?” ರಂಗನಾಥನ್ ಹೇಳಿದ ಐದು ಸೂತ್ರಗಳಲ್ಲಿ ಓದುಗರ ಹೊತ್ತು ಉಳಿಸಬೇಕೆಂಬುದೂ ಒಂದು. ಅದನ್ನು ಓದದೆಯೇ ಅವಳು ಪಾಲಿಸಿದಳು. ಯಂಡಮೂರಿ ಕನ್ನಡ ರ‍್ಯಾಕಿನಲ್ಲೇ ಉಳಿದರು. ಸಂಖ್ಯೆ ಮಾತ್ರ ರಿಜಿಸ್ಟರಿನಲ್ಲಿದೆ. ನನಗೆ ಅವಳು ಮಾಡಿದ್ದೇ ಸರಿ ಅನ್ನಿಸುತ್ತದೆ.

‘ನಾಟಕ’ ಎಂದಿದ್ದ ಹಲಗೆಯ ಅರ್ಧಕ್ಕೆ ‘ಬಯಲಾಟ’ ಎಂದು ಚೀಟಿ ಅಂಟಿಸಿದಳು. ಜಾತ್ರೆಯಲ್ಲಿ ಅಪ್ಪ ತಂದಿದ್ದ ತೆಳು ಪುಸ್ತಕ ಐದಾರು ನಾನು ‘ದೇವರು’ ಗುಂಪಿಗೆ ಹಾಕಿದ್ದೆ, ಅವನ್ನೂ ಅಲ್ಲಿಗೆ ತಂದಳು. ಹುಡುಗರು ಅದನ್ನು ನೋಡಿ ಮನೆಯ ಅಟ್ಟದ ಮೇಲೆ ಇಂಥದ್ದೇ ಇದೆ ಎನ್ನುತ್ತಿದ್ದಾರಂತೆ. ಇಲ್ಲಿಯವರೆಗೆ ಎರಡು ಬಂದಿವೆ. ಒಂದಕ್ಕೆ ಗೆದ್ದಲು ಹಿಡಿದಿದೆ.

ರಿಜಿಸ್ಟರಿನಲ್ಲಿ ಭಾಷೆ ಕನ್ನಡ, ಲಿಪಿ ತೆಲುಗು, ಪ್ರಕಾರ ಬಯಲಾಟ, ಆಕಾರ ಕೈಬರಹದ ಪ್ರಿಂಟ್ ಎಂದು ಬರೆದಳು. ಲಿಪಿ ಮತ್ತು ಆಕಾರಕ್ಕೆ ಕಾಲಂ ಇರಲಿಲ್ಲ, ಸ್ಕೇಲು ಹಿಡಿದು ಗೆರೆ ಎಳೆದಳು. ಲೇಖಕರು ಎಂಬಲ್ಲಿ ತಡೆದಳು. ತಾತ ಬರೆದದ್ದು ನಿಜ, ಕಟ್ಟಿದವರು ಯಾರೋ. ‘ಪ್ರತಿ ಮಾಡಿದವರು’ ಎಂದು ಬರೆದು ತಾತನ ಹೆಸರು ಹಾಕಿದಳು. ಬೆಲೆ ಖಾಲಿ ಬಿಟ್ಟರೆ ಆಡಿಟ್‌ನವರು ಕೇಳ್ತಾರೆ ಎಂದಳು. ಕುರುಗೋಡಿನ ಮಾಸ್ತರು ಕೊಟ್ಟಿದ್ದ ಇನ್ನೂರನ್ನೇ ಬರೆ ಎಂದೆ.

ಕೆಂಪು ರಟ್ಟಿನ ಮೂಲ ಪುಸ್ತಕ ಇನ್ನೂ ಕುರುಗೋಡಿನಲ್ಲೇ ಇದೆ. ಅವ್ವ ಆಟಕ್ಕೆ ಬರುತ್ತೇನೆ ಎಂದಿದ್ದಾಳೆ. ಮೊನ್ನೆ ಫೋನ್ ಮಾಡಿದಾಗ ಮಾಸ್ತರು, ಶಿವನ ವೇಷದ ಹುಡುಗ ದುಡಿಯಲು ಬೆಂಗಳೂರಿಗೆ ಹೋಗಿದ್ದಾನೆ, ಬಂದ ಮೇಲೆ ದಿನ ಗೊತ್ತುಮಾಡುತ್ತೇವೆ ಎಂದರು.